ಅಂಕಿತದಿಂದ ಕರಾರಿನವರೆಗೆ: ಹಾಡು ಬರೆದವರ ಹಕ್ಕಿನ ಕಥೆ

ಊರು ಬಿಟ್ಟು ಕೇರಳಕ್ಕೆ ಬಂದ ಕನ್ನಡದ ಹೆಣ್ಣುಮಕ್ಕಳು ಏನನ್ನು ಬಿಟ್ಟರೂ ಹಾಡನ್ನು ಬಿಟ್ಟಿಲ್ಲ. ನವರಾತ್ರಿಯ ಆರತಿ, ಗೌರಿ ಹಬ್ಬ, ಸೀಮಂತ, ನಾಮಕರಣ, ನವೆಂಬರಿನ ರಾಜ್ಯೋತ್ಸವ, ಎಲ್ಲಿ ಸೇರಿದರೂ ಒಬ್ಬರಾದರೂ ಹಾಡುತ್ತಾರೆ. ಈಚಿನ ವರ್ಷಗಳಲ್ಲಿ ಇದಕ್ಕೆ ಇನ್ನೊಂದು ಸೇರಿದೆ. ನಮ್ಮ ಸದಸ್ಯೆಯರೇ ಹಾಡು ಬರೆಯುತ್ತಿದ್ದಾರೆ, ರಾಗ ಹಾಕಿಸಿ ಸ್ಟುಡಿಯೋದಲ್ಲಿ ಧ್ವನಿಮುದ್ರಣ ಮಾಡಿಸುತ್ತಿದ್ದಾರೆ, ಯೂಟ್ಯೂಬಿಗೆ ಏರಿಸುತ್ತಿದ್ದಾರೆ. ಹಾಡಿಗೆ ನಾಲ್ಕು ಜನ ಕೇಳುಗರು ಸಿಕ್ಕರೆ ಸಂಗೀತ ಕಂಪನಿಗಳಿಂದ ಕರಾರುಪತ್ರವೂ ಬರುತ್ತದೆ.

ನಮ್ಮ ವೇದಿಕೆಯ ಗೆಳತಿಯೊಬ್ಬರಿಗೆ ಬಂದ ಅಂಥದ್ದೊಂದು ಪತ್ರವನ್ನು ಅವರು ನನಗೆ ಓದಲು ಕೊಟ್ಟರು. ಹಲವು ಪುಟಗಳ ಇಂಗ್ಲಿಷಿನ ಸಾರ ಇಷ್ಟೇ: ಒಂದು ಸಲ ಕೊಡುವ ಸಣ್ಣ ಮೊತ್ತಕ್ಕೆ ಆ ಹಾಡಿನ ಎಲ್ಲ ಹಕ್ಕೂ, ಇಡೀ ಜಗತ್ತಿಗೆ, ಶಾಶ್ವತವಾಗಿ ಕಂಪನಿಯದು. ನಾನು ವಕೀಲೆಯಲ್ಲ. ಆದರೆ ಆ ಮಾತು ಎಲ್ಲಿಂದ ಬಂತು, ಅದಕ್ಕೆ ಕಾನೂನಿನ ಉತ್ತರವೇನು ಎಂದು ಓದುತ್ತ ಹೋದಾಗ ಒಂದು ದೊಡ್ಡ ಚರಿತ್ರೆಯೇ ತೆರೆದುಕೊಂಡಿತು. ಅದರ ಕೆಲವು ಮುಖ್ಯ ತಿರುವುಗಳು ನಾವು ದಿನವೂ ಓಡಾಡುವ ತಿರುವನಂತಪುರ, ಕೊಚ್ಚಿಗಳ ನೆರೆಯಲ್ಲೇ ಇವೆ.

ಅಂಕಿತದ ಕಾಲ

ಕರಾರು, ಸಹಿ, ರಾಯಲ್ಟಿ ಯಾವುದೂ ಇಲ್ಲದ ಕಾಲದಲ್ಲಿ ನಮ್ಮವರು ಹಾಡಿನೊಳಗೇ ಗುರುತು ಇಟ್ಟರು. ಪುರಂದರದಾಸರಿಗೆ ಪುರಂದರ ವಿಠಲ, ಹೆಳವನಕಟ್ಟೆ ಗಿರಿಯಮ್ಮನಿಗೆ ಹೆಳವನಕಟ್ಟೆ ರಂಗ, ಹರಪನಹಳ್ಳಿ ಭೀಮವ್ವನಿಗೆ ಭೀಮೇಶಕೃಷ್ಣ. ಅಂಕಿತವೆಂದರೆ ದೇವರಿಗೆ ಅರ್ಪಣೆ. ಜೊತೆಗೆ ಅದು ಬರೆದವರ ಗುರುತೂ ಹೌದು. ಹಾಡು ಬಾಯಿಂದ ಬಾಯಿಗೆ ಹೋಗುವಾಗ ಪುಸ್ತಕದ ಮುಖಪುಟ ಜೊತೆಗೆ ಬರುವುದಿಲ್ಲ, ಕೊನೆಯ ಸಾಲು ಬರುತ್ತದೆ. ಓದುಬರಹದ ಅವಕಾಶವೇ ಕಡಿಮೆಯಿದ್ದ ಕಾಲದ ಹೆಣ್ಣುಮಕ್ಕಳ ಹೆಸರು ಇಂದಿಗೂ ಉಳಿದಿರುವುದರಲ್ಲಿ ಅಂಕಿತದ ಪಾಲು ದೊಡ್ಡದು.

ತಿರುವಾಂಕೂರಿನಲ್ಲೂ ಇದೇ ರೂಢಿ. ಸ್ವಾತಿ ತಿರುನಾಳ್ ಮಹಾರಾಜರು (1813–1846) ಪದ್ಮನಾಭನ ಹೆಸರನ್ನೂ ಅದರ ಪರ್ಯಾಯಪದಗಳನ್ನೂ ಅಂಕಿತವಾಗಿ ಬಳಸಿದರು. ಅವರ ಆಸ್ಥಾನದ ಇರಯಿಮ್ಮನ್ ತಂಬಿ (1782–1856), ಶಿಶುವಾಗಿದ್ದ ಸ್ವಾತಿ ತಿರುನಾಳರಿಗಾಗಿ ಬರೆದ ‘ಓಮನತ್ತಿಂಗಳ್’ ಜೋಗುಳ ಇವತ್ತಿಗೂ ಮಲಯಾಳಿ ಮನೆಗಳಲ್ಲಿ ಕೇಳಿಬರುತ್ತದೆ. ತಂಬಿಯವರ ಮಗಳು ಕುಟ್ಟಿಕುಂಞು ತಂಗಚ್ಚಿ (1820–1904) ತಾನೂ ಕವಿ. ಕಥಕಳಿಗೆ ಆಟ್ಟಕಥೆಗಳನ್ನೂ ಹೆಂಗಸರ ಕೈಕೊಟ್ಟಿಕಳಿಗೆ ಹಾಡುಗಳನ್ನೂ ಬರೆದವರು. ಹರಪನಹಳ್ಳಿ ಭೀಮವ್ವ (1823–1903) ಇವರ ಸಮಕಾಲೀನೆ. ಒಬ್ಬರು ತಿರುವಾಂಕೂರಿನಲ್ಲಿ, ಇನ್ನೊಬ್ಬರು ಬಳ್ಳಾರಿ ಸೀಮೆಯಲ್ಲಿ. ಪರಸ್ಪರ ಪರಿಚಯವಿಲ್ಲದ ಇಬ್ಬರು ಹೆಂಗಸರು ಒಂದೇ ಕಾಲದಲ್ಲಿ ಹಾಡು ಕಟ್ಟುತ್ತಿದ್ದರು.

ಹೆಸರಿನ ಬೆಲೆ ಏನೆಂಬುದಕ್ಕೆ ತಂಬಿಯವರ ಜೋಗುಳವೇ ಈಚಿನ ಸಾಕ್ಷಿ. 2012ರ ‘ಲೈಫ್ ಆಫ್ ಪೈ’ ಚಿತ್ರದ ಜೋಗುಳಕ್ಕೆ ಬಾಂಬೆ ಜಯಶ್ರೀ ಅವರು ಆಸ್ಕರ್‌ಗೆ ನಾಮನಿರ್ದೇಶನಗೊಂಡಾಗ, ಅದರ ಮೊದಲ ಸಾಲುಗಳು ತಂಬಿಯವರ ಹಾಡಿನ ಅನುವಾದವೆಂದು ಇರಯಿಮ್ಮನ್ ತಂಬಿ ಸ್ಮಾರಕ ಟ್ರಸ್ಟ್ ಆಕ್ಷೇಪಿಸಿತು. ಜಯಶ್ರೀ ಅದನ್ನು ಒಪ್ಪಲಿಲ್ಲ. ಆ ಸಾಲುಗಳು ತಮ್ಮ ಮನಸ್ಸಿನಿಂದಲೇ ಬಂದವು ಎಂದರು. ಸುಮಾರು ಇನ್ನೂರು ವರ್ಷದ ಹಾಡಿಗೆ ಹಣದ ಹಕ್ಕು ಉಳಿದಿರಲಿಲ್ಲ. ವಾದ ನಡೆದದ್ದು ಹೆಸರಿಗಾಗಿ ಮಾತ್ರ.

ಹಾಡು ಸರಕಾದಾಗ

ಹಣದ ಪ್ರಶ್ನೆ ಎದ್ದದ್ದು ಹಾಡು ಅಂಗಡಿಗೆ ಬಂದ ಮೇಲೆ. 1847ರಲ್ಲಿ ಪ್ಯಾರಿಸಿನ ಒಂದು ಕೆಫೆಯಲ್ಲಿ ಕುಳಿತಿದ್ದ ಗೀತರಚನೆಕಾರ ಅರ್ನೆಸ್ಟ್ ಬೂರ್ಜೆ ಮತ್ತು ಗೆಳೆಯರು, ಅಲ್ಲಿ ತಮ್ಮದೇ ಹಾಡು ನುಡಿಸುವುದನ್ನು ಕೇಳಿ ಪಾನೀಯದ ಹಣ ಕೊಡಲು ನಿರಾಕರಿಸಿದರು. ನೀವು ನಮ್ಮ ಹಾಡಿಗೆ ಹಣ ಕೊಡುವುದಿಲ್ಲ, ನಾವು ನಿಮ್ಮ ಪಾನೀಯಕ್ಕೆ ಕೊಡುವುದಿಲ್ಲ ಎಂಬುದು ಅವರ ನ್ಯಾಯ. ವಿಷಯ ನ್ಯಾಯಾಲಯಕ್ಕೆ ಹೋಗಿ, ಬರೆದವರೇ ಗೆದ್ದರು. 1851ರಲ್ಲಿ ಅಲ್ಲಿ ಸಾಸೆಮ್ ಎಂಬ ಸಂಘ ಹುಟ್ಟಿತು. ಹಾಡು ನುಡಿಸಿದ ಕಡೆಗಳಿಂದ ಹಣ ಸಂಗ್ರಹಿಸಿ ಬರೆದವರಿಗೆ ಹಂಚುವ ಪದ್ಧತಿ ಅಲ್ಲಿಂದ ಬೆಳೆಯಿತು.

‘ಮ್ಯೂಸಿಕ್ ಪಬ್ಲಿಷಿಂಗ್’ ಎಂಬ ಹೆಸರಿನ ಮೂಲವೂ ಯುರೋಪಿನಲ್ಲಿದೆ. ಆಗ ಸ್ವರಲಿಪಿಯನ್ನು ಅಚ್ಚುಹಾಕಿ ಮಾರುತ್ತಿದ್ದರು, ಅಚ್ಚುಹಾಕಿದವನು ಪ್ರಕಾಶಕ. ನಮ್ಮಲ್ಲಿ ಆ ವ್ಯಾಪಾರ ಅಷ್ಟಾಗಿ ಬೇರೂರಲಿಲ್ಲ. ಸಿನಿಮಾ ಟಾಕೀಸಿನ ಹೊರಗೆ ಮಾರುತ್ತಿದ್ದ, ಕಥಾಸಾರವೂ ಹಾಡುಗಳೂ ಇದ್ದ ತೆಳ್ಳನೆಯ ಪುಸ್ತಕವೇ ನಮಗೆ ಹಾಡಿನ ಪ್ರಕಟಣೆ. ಇವತ್ತು ಪ್ರಕಾಶಕನೆಂದರೆ ಸಾಹಿತ್ಯ ಮತ್ತು ರಾಗಸಂಯೋಜನೆಯ ಹಕ್ಕು ಪಡೆದು, ಅದನ್ನು ರೇಡಿಯೋ, ಸಿನಿಮಾ, ಜಾಹೀರಾತು, ಮೊಬೈಲುಗಳಿಗೆ ಕೊಟ್ಟು ಹಣ ವಸೂಲು ಮಾಡುವವನು.

ಭಾರತಕ್ಕೆ ಮೊದಲು ಬಂದದ್ದು ತಟ್ಟೆ. 1902ರಲ್ಲಿ ಕಲ್ಕತ್ತೆಯಲ್ಲಿ ಗೈಸ್‌ಬರ್ಗ್ ಧ್ವನಿಮುದ್ರಿಸಿಕೊಂಡವರಲ್ಲಿ ಗೌಹರ್ ಜಾನ್ ಪ್ರಮುಖರು. ಹಾಡಿನ ಕೊನೆಗೆ ಆಕೆ ತನ್ನ ಹೆಸರನ್ನು ಇಂಗ್ಲಿಷಿನಲ್ಲಿ ತಾನೇ ಹೇಳುತ್ತಿದ್ದರು. ಅದೂ ಒಂದು ಬಗೆಯ ಅಂಕಿತವೇ. ಕೊನೆಯ ದಿನಗಳನ್ನು ಮೈಸೂರಿನ ಅರಮನೆಯ ಆಶ್ರಯದಲ್ಲಿ ಕಳೆದ ಆಕೆ 1930ರಲ್ಲಿ ಅಲ್ಲಿಯೇ ತೀರಿಕೊಂಡರು. ಆಮೇಲೆ ಸಿನಿಮಾ ಮಾತಾಡಿತು. 1934ರ ಕನ್ನಡದ ‘ಸತಿ ಸುಲೋಚನ’ಕ್ಕೆ ಸಂಭಾಷಣೆಯನ್ನೂ ಹಾಡುಗಳನ್ನೂ ಬೆಳ್ಳಾವೆ ನರಹರಿ ಶಾಸ್ತ್ರಿಗಳು ಬರೆದರು. 1938ರಲ್ಲಿ ಮಲಯಾಳದ ಮೊದಲ ವಾಕ್ಚಿತ್ರ ‘ಬಾಲನ್’ ಬಂತು. ಸ್ವಾತಂತ್ರ್ಯದ ನಂತರ ಆಲಪ್ಪುಳದಲ್ಲಿ ಉದಯಾ, ತಿರುವನಂತಪುರದ ನೇಮಂನಲ್ಲಿ ಮೆರಿಲ್ಯಾಂಡ್ ಸ್ಟುಡಿಯೋಗಳು ಎದ್ದವು. ವಯಲಾರ್, ಪಿ. ಭಾಸ್ಕರನ್, ಓ.ಎನ್.ವಿ. ಅವರಂಥ ಕವಿಗಳು ಅಲ್ಲಿ ಸಿನಿಮಾಕ್ಕೆ ಬರೆದರೆ, ಇಲ್ಲಿ ಹುಣಸೂರು ಕೃಷ್ಣಮೂರ್ತಿ, ಆರ್.ಎನ್. ಜಯಗೋಪಾಲ್, ಚಿ. ಉದಯಶಂಕರ್ ಬರೆದರು. ಸಿನಿಮಾದ ಪದ್ಧತಿ ಎಲ್ಲ ಭಾಷೆಗಳಲ್ಲೂ ಹೆಚ್ಚುಕಡಿಮೆ ಒಂದೇ. ಹಾಡಿಗೆ ಇಷ್ಟು ಎಂದು ನಿರ್ಮಾಪಕ ಕೊಡುವ ಹಣ, ಅಲ್ಲಿಗೆ ಲೆಕ್ಕ ಚುಕ್ತಾ. ಹಾಡು ಐವತ್ತು ವರ್ಷ ರೇಡಿಯೋದಲ್ಲಿ ಬಂದರೂ ಬರೆದವರಿಗೆ ಮತ್ತೆ ಹಣ ಬರುವ ದಾರಿ ಇರಲಿಲ್ಲ.

1977ರ ತೀರ್ಪು, ಒಬ್ಬ ನ್ಯಾಯಮೂರ್ತಿಯ ಟಿಪ್ಪಣಿ

1957ರ ಹಕ್ಕುಸ್ವಾಮ್ಯ ಕಾಯ್ದೆ 1958ರ ಜನವರಿ 21ರಿಂದ ಜಾರಿಗೆ ಬಂತು. 1969ರಲ್ಲಿ ಬೊಂಬಾಯಿಯಲ್ಲಿ ಗೀತರಚನೆಕಾರರು, ಸಂಗೀತ ನಿರ್ದೇಶಕರಿಗಾಗಿ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ, ಅಂದರೆ ಐಪಿಆರ್‌ಎಸ್ ಹುಟ್ಟಿತು. ಹಾಡು ನುಡಿಸುವವರು ಕೊಡಬೇಕಾದ ದರಪಟ್ಟಿಯನ್ನು ಅದು ಪ್ರಕಟಿಸಿದ್ದೇ ತಡ, ಚಿತ್ರ ನಿರ್ಮಾಪಕರ ಸಂಘಗಳು ಆಕ್ಷೇಪ ಎತ್ತಿದವು. ಹಾಡು ಬರೆಸಿದವರು ನಾವು, ಹಣ ಕೊಟ್ಟವರು ನಾವು, ಹಕ್ಕೂ ನಮ್ಮದೇ ಎಂಬುದು ಅವರ ವಾದ. ಹಕ್ಕುಸ್ವಾಮ್ಯ ಮಂಡಳಿಯಲ್ಲಿ ಸೊಸೈಟಿ ಗೆದ್ದಿತು, ಕಲ್ಕತ್ತ ಹೈಕೋರ್ಟಿನಲ್ಲಿ ಸೋತಿತು. 1977ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ನಿರ್ಮಾಪಕರ ಪರವಾಗಿತ್ತು. ನಿರ್ಮಾಪಕ ಹಣ ಕೊಟ್ಟು ಬರೆಸಿದ ಹಾಡಿಗೆ ಅವನೇ ಮೊದಲ ಒಡೆಯ. ಬೇರೆ ರೀತಿ ಕರಾರು ಇದ್ದರೆ ಮಾತ್ರ ಬರೆದವರಿಗೆ ಹಕ್ಕು ಉಳಿಯುತ್ತದೆ.

‘ಬೇರೆ ರೀತಿ ಕರಾರು ಇದ್ದರೆ’ ಎಂಬ ಈ ಷರತ್ತೇ ಮುಂದಿನ 35 ವರ್ಷ ಗೀತರಚನೆಕಾರರ ಹಣೆಬರಹವಾಯಿತು. ಅವಕಾಶಕ್ಕಾಗಿ ಕಾಯುವ ಕವಿ ನಿರ್ಮಾಪಕನ ಮುಂದೆ ಕುಳಿತು, ನನ್ನ ಹಕ್ಕು ನನಗಿರಲಿ ಎಂದು ಬರೆಸಿಕೊಳ್ಳುವುದು ಎಷ್ಟು ಜನರಿಂದ ಸಾಧ್ಯ?

ಆ ಪೀಠದಲ್ಲಿ ವಿ.ಆರ್. ಕೃಷ್ಣ ಅಯ್ಯರ್ ಇದ್ದರು. ತಲಶ್ಶೇರಿಯ ವಕೀಲ, 1957ರ ಇ.ಎಂ.ಎಸ್. ಸರ್ಕಾರದ ಸಚಿವ, 1968ರಲ್ಲಿ ಕೊಚ್ಚಿಯಲ್ಲಿರುವ ಕೇರಳ ಹೈಕೋರ್ಟಿನ ನ್ಯಾಯಮೂರ್ತಿ, 1973ರಿಂದ 1980ರವರೆಗೆ ಸುಪ್ರೀಂ ಕೋರ್ಟಿನಲ್ಲಿದ್ದವರು. ನಿವೃತ್ತರಾಗಿ ಎರ್ನಾಕುಲಂನಲ್ಲಿ ನೆಲೆಸಿ 2014ರಲ್ಲಿ ಕೊಚ್ಚಿಯಲ್ಲೇ ನಿಧನರಾದರು. ಅವರು ತೀರ್ಪಿಗೆ ಒಪ್ಪಿದರೂ ಪ್ರತ್ಯೇಕವಾಗಿ ಒಂದು ಟಿಪ್ಪಣಿ ಬರೆದರು. ಅದರಲ್ಲಿ ಎರಡು ಮಾತು ಮುಖ್ಯ. ಮೊದಲನೆಯದು, ನಿರ್ಮಾಪಕನ ಹಕ್ಕು ಚಿತ್ರದ ಪ್ರದರ್ಶನದ ಮಟ್ಟಿಗೆ. ಹಾಡನ್ನು ಚಿತ್ರದಿಂದ ಬೇರ್ಪಡಿಸಿ ಹೋಟೆಲಿನಲ್ಲೋ ವಿಮಾನದಲ್ಲೋ ರೇಡಿಯೋದಲ್ಲೋ ನುಡಿಸಿದರೆ ಸೃಷ್ಟಿಸಿದವನ ಹಕ್ಕು ಎದ್ದು ನಿಲ್ಲುತ್ತದೆ. ಎರಡನೆಯದು, ನಮ್ಮ ಸಂಗೀತದ ಜೀವ ಹಾಡುವವರ ಕಂಠದಲ್ಲಿದೆ. ಕಾಗದದ ಮೇಲಿನ ಸ್ವರಕ್ಕೆ ಹಕ್ಕು ಕೊಟ್ಟು ಗಾಯಕರಿಗೆ ಏನೂ ಇಲ್ಲವೆನ್ನುವುದು ಭಾರತೀಯ ಪದ್ಧತಿಗೆ ಒಗ್ಗುವುದಿಲ್ಲ, ಸಂಸತ್ತು ಇದನ್ನು ಯೋಚಿಸಬೇಕು. ನಾದ, ರಾಗ, ಭಾವ, ಲಯ ಎಂದೆಲ್ಲ ಸುಪ್ರೀಂ ಕೋರ್ಟಿನ ತೀರ್ಪಿನಲ್ಲಿ ಬರೆದ ನ್ಯಾಯಮೂರ್ತಿ ಅವರು.

2012ರ ತಿದ್ದುಪಡಿ

ತೀರ್ಪಿನ ಬೆನ್ನಿಗೇ ಕ್ಯಾಸೆಟ್ಟಿನ ಕಾಲ ಬಂತು. 1978ರಲ್ಲಿ ನಿಸಾರ್ ಅಹಮದರ ‘ನಿತ್ಯೋತ್ಸವ’ದ ಹಾಡುಗಳು ಕ್ಯಾಸೆಟ್ಟಾಗಿ ಬಂದು ಭಾವಗೀತೆ ಮನೆಮನೆಗೆ ತಲುಪಿತು. 1980ರಲ್ಲಿ ಫೋರ್ಟ್ ಕೊಚ್ಚಿಯ ಕೆ.ಜೆ. ಯೇಸುದಾಸ್ ತಿರುವನಂತಪುರದಲ್ಲಿ ತರಂಗಿಣಿ ಸ್ಟುಡಿಯೋ ತೆರೆದರು. ಗಾಯಕನೇ ಧ್ವನಿಮುದ್ರಣ ಸಂಸ್ಥೆಯ ಒಡೆಯನಾದ ಅಪರೂಪದ ಉದಾಹರಣೆ ಅದು. ಮುಂದೆ ಸಿಡಿ, ಎಫ್‌ಎಂ, ಕಾಲರ್ ಟ್ಯೂನ್, ಇಂಟರ್‌ನೆಟ್ ಬಂದವು. ಕರಾರು ಬರೆದಾಗ ಯಾರೂ ಊಹಿಸದ ದಾರಿಗಳಲ್ಲಿ ಹಳೆಯ ಹಾಡುಗಳು ಹಣ ತರತೊಡಗಿದವು. ಆ ಹಣ ಹಕ್ಕು ಕೊಂಡವರಿಗೆ ಹೋಯಿತು.

ಇದು ನಮ್ಮ ದೇಶದ ಕಥೆ ಮಾತ್ರವಲ್ಲ. ಬೀಟಲ್ಸ್ ತಂಡದ ಲೆನನ್ ಮತ್ತು ಮೆಕಾರ್ಟ್ನಿ 1963ರಲ್ಲಿ ತಮ್ಮ ಹಾಡುಗಳನ್ನು ನಾರ್ದರ್ನ್ ಸಾಂಗ್ಸ್ ಎಂಬ ಪ್ರಕಾಶನ ಕಂಪನಿಗೆ ಒಪ್ಪಿಸಿದರು. 1969ರಲ್ಲಿ ಆ ಕಂಪನಿ ಎಟಿವಿಯ ಕೈಸೇರಿತು, 1985ರಲ್ಲಿ ಮೈಕಲ್ ಜಾಕ್ಸನ್ ಅದನ್ನು ಕೊಂಡರು. ಜಗತ್ತೇ ಹಾಡುವ ಹಾಡುಗಳನ್ನು ಬರೆದವರು ಅವುಗಳ ಒಡೆತನಕ್ಕಾಗಿ ದಶಕಗಳ ಕಾಲ ಹೋರಾಡಬೇಕಾಯಿತು.

ಭಾರತದಲ್ಲಿ ಬದಲಾವಣೆ ಬಂದದ್ದು 2012ರಲ್ಲಿ. ರಾಜ್ಯಸಭೆಯಲ್ಲಿದ್ದ ಗೀತರಚನೆಕಾರ ಜಾವೇದ್ ಅಖ್ತರ್ ಇದರ ಪರ ಗಟ್ಟಿಯಾಗಿ ದನಿಯೆತ್ತಿದರು. ಸಂಸತ್ತಿನ ಎರಡೂ ಸದನಗಳು ಒಪ್ಪಿದ ತಿದ್ದುಪಡಿ ಜೂನ್ 21ರಿಂದ ಜಾರಿಗೆ ಬಂತು. ಹಾಡಿನ ಹಕ್ಕನ್ನು ವರ್ಗಾಯಿಸಿದರೂ, ಅದರಿಂದ ಬರುವ ರಾಯಲ್ಟಿಯಲ್ಲಿ ಹಕ್ಕು ಪಡೆದವರ ಜೊತೆ ಸಮಪಾಲು ಪಡೆಯುವ ಅಧಿಕಾರವನ್ನು ಬರೆದವರು ಬಿಟ್ಟುಕೊಡುವಂತಿಲ್ಲ. ವಾರಸುದಾರರಿಗೆ ಅಥವಾ ಹಕ್ಕುಸ್ವಾಮ್ಯ ಸಂಘಕ್ಕೆ ಮಾತ್ರ ಅದನ್ನು ಕೊಡಬಹುದು. ಬೇರೆ ರೀತಿ ಬರೆದುಕೊಂಡ ಕರಾರು ಆ ಮಟ್ಟಿಗೆ ಅಸಿಂಧು. ಚಿತ್ರಮಂದಿರದಲ್ಲಿ ಸಿನಿಮಾದ ಜೊತೆ ತೋರಿಸುವುದಕ್ಕೆ ಮಾತ್ರ ಇದು ಅನ್ವಯಿಸುವುದಿಲ್ಲ. ಸಿನಿಮಾಕ್ಕೆ ಸೇರದ ಆಲ್ಬಂ ಹಾಡುಗಳಿಗೂ ಇದೇ ರಕ್ಷಣೆ ಇದೆ, ನಮ್ಮಂಥವರಿಗೆ ಬೇಕಾದದ್ದು ಅದೇ. ಗಾಯಕರಿಗೂ ತಮ್ಮ ಗಾಯನದ ವಾಣಿಜ್ಯ ಬಳಕೆಗೆ ರಾಯಲ್ಟಿಯ ಹಕ್ಕು ಬಂತು. ಕೃಷ್ಣ ಅಯ್ಯರ್ ಟಿಪ್ಪಣಿಗೆ ಉತ್ತರ ಸಿಗಲು 35 ವರ್ಷ ಬೇಕಾಯಿತು.

ಆದರೂ ಕಾನೂನು ಬರೆದ ಮಾತ್ರಕ್ಕೆ ಎಲ್ಲ ತಿಳಿಯಾಗಲಿಲ್ಲ. 2017ರಲ್ಲಿ ಇಳಯರಾಜ ಅವರು ತಮ್ಮ ಹಾಡುಗಳನ್ನು ಅನುಮತಿಯಿಲ್ಲದೆ ವೇದಿಕೆಯಲ್ಲಿ ಹಾಡಬಾರದೆಂದು ಎಸ್.ಪಿ. ಬಾಲಸುಬ್ರಹ್ಮಣ್ಯಂ ಮತ್ತು ತಿರುವನಂತಪುರದ ಕೆ.ಎಸ್. ಚಿತ್ರಾ ಅವರಿಗೆ ನೋಟಿಸ್ ಕಳಿಸಿದಾಗ ಎಷ್ಟೋ ಮನೆಗಳಲ್ಲಿ ಚರ್ಚೆ ನಡೆಯಿತು. ಎಫ್‌ಎಂ ಕೇಂದ್ರಗಳು ಬರೆದವರಿಗೂ ರಾಯಲ್ಟಿ ಕೊಡಬೇಕೆಂದು ಬೊಂಬಾಯಿ ಹೈಕೋರ್ಟ್ ಹೇಳಿದ್ದು 2023ರ ಏಪ್ರಿಲಿನಲ್ಲಿ.

ಕೊಚ್ಚಿಯ ತಂಡ, ಕನ್ನಡದ ಹಾಡು

ಕನ್ನಡಕ್ಕೂ ಕೇರಳಕ್ಕೂ ನೇರ ಸಂಬಂಧಿಸಿದ ಪ್ರಕರಣವನ್ನು ನಾವೆಲ್ಲ ಟಿವಿಯಲ್ಲಿ ನೋಡಿದ್ದೇವೆ. 2022ರ ಸೆಪ್ಟೆಂಬರ್ 30ರಂದು ಬಿಡುಗಡೆಯಾದ ‘ಕಾಂತಾರ’ದ ‘ವರಾಹರೂಪಂ’ ಹಾಡು, ತಮ್ಮ ‘ನವರಸಂ’ ಹಾಡನ್ನು ಹೋಲುತ್ತದೆ ಎಂದು ತೈಕ್ಕುಡಂ ಬ್ರಿಡ್ಜ್ ತಂಡ ಆಕ್ಷೇಪಿಸಿತು. ಕೊಚ್ಚಿಯ ತೈಕ್ಕುಡಂ ಸೇತುವೆಯಿಂದಲೇ ಹೆಸರು ಪಡೆದ ತಂಡ ಅದು. ಚಿತ್ರತಂಡ ಆರೋಪವನ್ನು ನಿರಾಕರಿಸಿತು. ರಾಗಗಳು ಒಂದೇ ಆದ್ದರಿಂದ ಹೋಲಿಕೆ ಕಾಣುತ್ತದೆ ಎಂಬುದು ಅವರ ವಾದ. ಕೋಯಿಕ್ಕೋಡಿನ ನ್ಯಾಯಾಲಯ ಅಕ್ಟೋಬರಿನಲ್ಲಿ ತಡೆಯಾಜ್ಞೆ ಕೊಟ್ಟಿತು. ಪಾಲಕ್ಕಾಡಿನಲ್ಲೂ ದಾವೆ ನಡೆಯಿತು. ಯಾವ ಊರಿನ ನ್ಯಾಯಾಲಯಕ್ಕೆ ವಿಚಾರಣೆಯ ವ್ಯಾಪ್ತಿ ಎಂಬ ಪ್ರಶ್ನೆ ಎದ್ದು, ವಿಷಯ ಎರ್ನಾಕುಲಂನ ಹೈಕೋರ್ಟಿಗೆ ಬಂತು. ನಿರೀಕ್ಷಣಾ ಜಾಮೀನಿನ ಜೊತೆ ಹಾಡಿನ ಮೇಲೆ ಹೈಕೋರ್ಟ್ ಹಾಕಿದ ಷರತ್ತನ್ನು 2023ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತಡೆಹಿಡಿಯಿತು.

ಯಾರದು ಸರಿ ಎಂದು ತೀರ್ಮಾನಿಸುವುದು ನನ್ನ ಕೆಲಸವಲ್ಲ. ನನ್ನ ಗಮನ ಸೆಳೆದದ್ದು ಇನ್ನೊಂದು. ‘ನವರಸಂ’ ಹಾಡು ಕಟ್ಟಿದವರು ತಂಡದವರು; ಅದರ ಹಕ್ಕುಸ್ವಾಮ್ಯ ಇದ್ದದ್ದು ಕಪ್ಪ ಟಿವಿಯನ್ನು ನಡೆಸುವ ಮಾತೃಭೂಮಿ ಸಂಸ್ಥೆಯ ಬಳಿ. ಹಾಗಾಗಿ ತಂಡದ ಜೊತೆ ಆ ಸಂಸ್ಥೆಯೂ ಹೋರಾಟಕ್ಕೆ ಇಳಿಯಿತು. ಹಾಡು ಕಟ್ಟುವುದು ಬೇರೆ, ಹಾಡಿನ ಒಡೆತನ ಬೇರೆ. ಎರಡನ್ನೂ ಬೇರ್ಪಡಿಸುವುದು ಒಂದು ಕಾಗದ, ಒಂದು ಸಹಿ.

ಸಹಿಗೆ ಮೊದಲು

ಈ ಚರಿತ್ರೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಗೆಳತಿಯ ಕರಾರುಪತ್ರವನ್ನು ಮತ್ತೆ ಓದಿದೆವು. ನಾವು ಒಂದೊಂದಾಗಿ ಗುರುತುಹಾಕಿದ್ದನ್ನು ಇಲ್ಲಿ ಬರೆಯುತ್ತೇನೆ.

ವರ್ಗಾವಣೆಯೋ ಪರವಾನಗಿಯೋ? ವರ್ಗಾವಣೆ ಎಂದರೆ ಮನೆ ಮಾರಿದಂತೆ, ಪರವಾನಗಿ ಎಂದರೆ ಬಾಡಿಗೆಗೆ ಕೊಟ್ಟಂತೆ. ಬಾಡಿಗೆಗೆ ಕೊಟ್ಟರೆ ಸಾಕಾಗುವ ಕಡೆ ಮಾರಬಾರದು.

ಯಾವ ಹಕ್ಕು? ಸಾಹಿತ್ಯ ಒಂದು ಕೃತಿ, ರಾಗಸಂಯೋಜನೆ ಇನ್ನೊಂದು, ಧ್ವನಿಮುದ್ರಣ ಮತ್ತೊಂದು. ಅನುವಾದದ ಹಕ್ಕೂ ಬೇರೆಯೇ. ಕನ್ನಡದ ಹಾಡನ್ನು ಮಲಯಾಳಕ್ಕೆ ತರಬಹುದಾದ ನಮ್ಮ ಊರಿನಲ್ಲಿ ಇದು ಮುಖ್ಯ. ಕರಾರು ಬರೆದ ಕಾಲದಲ್ಲಿ ಇಲ್ಲದ ಮಾಧ್ಯಮವನ್ನು ಹೆಸರಿಸಿ ಬರೆಯದಿದ್ದರೆ, ಆ ಮಾಧ್ಯಮಕ್ಕೆ ವರ್ಗಾವಣೆ ಅನ್ವಯಿಸುವುದಿಲ್ಲ ಎಂದು 2012ರ ಕಾನೂನು ಹೇಳುತ್ತದೆ.

ಎಷ್ಟು ಕಾಲ, ಎಲ್ಲೆಲ್ಲಿ? ಅವಧಿ ಬರೆಯದಿದ್ದರೆ 5 ವರ್ಷ, ಸ್ಥಳ ಬರೆಯದಿದ್ದರೆ ಭಾರತ ಮಾತ್ರ ಎಂಬುದು ಕಾನೂನಿನ ಊಹೆ. ಶಾಶ್ವತ, ಇಡೀ ಜಗತ್ತು ಎಂದು ಕಂಪನಿಗಳು ಒತ್ತಿ ಬರೆಯುವುದು ಈ ಕಾರಣಕ್ಕೇ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಕರಾರಿನಲ್ಲಿ ಬೇರೆ ಮಾತಿಲ್ಲದಿದ್ದರೆ, ಆ ಹಕ್ಕು ಬಿದ್ದುಹೋಗುತ್ತದೆ. ಆ ‘ಬೇರೆ ಮಾತು’ ಇದೆಯೇ ನೋಡಬೇಕು.

ಹಣದ ಲೆಕ್ಕ ಹೇಗೆ? ರಾಯಲ್ಟಿಯ ವಿವರ ಬರವಣಿಗೆಯಲ್ಲಿ ಇರಬೇಕು. ಮುಂಗಡ ಕೊಟ್ಟರೆ ಅದನ್ನು ಮುಂದಿನ ರಾಯಲ್ಟಿಯಲ್ಲಿ ಮುರಿದುಕೊಳ್ಳುತ್ತಾರೆಯೇ, ಲೆಕ್ಕ ಎಷ್ಟು ತಿಂಗಳಿಗೊಮ್ಮೆ ಕೊಡುತ್ತಾರೆ, ಅದನ್ನು ಪರಿಶೀಲಿಸುವ ಅವಕಾಶ ಇದೆಯೇ ಎಂದು ಕೇಳಬೇಕು. ಐಪಿಆರ್‌ಎಸ್ 2017ರ ನವೆಂಬರಿನಲ್ಲಿ ಹಕ್ಕುಸ್ವಾಮ್ಯ ಸಂಘವಾಗಿ ಮತ್ತೆ ನೋಂದಣಿ ಪಡೆದಿದೆ. ಗೀತರಚನೆಕಾರರು ಅದರ ಸದಸ್ಯರಾಗಬಹುದು. ಬರೆದವರ ಪಾಲು ನೇರವಾಗಿ ಅವರಿಗೇ ಬರಲಿ.

ಹೆಸರು ಎಲ್ಲಿ? ಹಕ್ಕು ಮಾರಿದ ಮೇಲೂ, ಇದು ನನ್ನ ಕೃತಿ ಎಂದು ಹೇಳಿಕೊಳ್ಳುವ ಮತ್ತು ತನ್ನ ಗೌರವಕ್ಕೆ ಕುಂದು ಬರುವಂತೆ ಅದನ್ನು ವಿರೂಪಗೊಳಿಸುವುದನ್ನು ತಡೆಯುವ ಅಧಿಕಾರ ಬರೆದವರಿಗೆ ಉಳಿಯುತ್ತದೆ. ಭೀಮವ್ವನ ಅಂಕಿತಕ್ಕೆ ಇಂದಿನ ಕಾನೂನಿನಲ್ಲಿರುವ ರೂಪ ಇದೇ ಎನ್ನಬಹುದು. ಅದನ್ನು ಬಿಟ್ಟುಕೊಡಿ ಎಂಬ ಸಾಲಿದ್ದರೆ ತೆಗೆಸಬೇಕು.

ಜಗಳ ಬಂದರೆ ಯಾವ ಊರಿನ ನ್ಯಾಯಾಲಯ? ದೂರದ ಊರಿನ ಹೆಸರಿದ್ದರೆ, ಸಣ್ಣ ಮೊತ್ತಕ್ಕಾಗಿ ಅಲ್ಲಿಗೆ ಓಡಾಡಲು ನಮ್ಮಿಂದ ಆಗುವುದಿಲ್ಲ ಎಂಬುದು ಅವರಿಗೂ ಗೊತ್ತು.

ಹಕ್ಕುಸ್ವಾಮ್ಯ ಬರೆದ ಕ್ಷಣದಿಂದಲೇ ಹುಟ್ಟುತ್ತದೆ, ನೋಂದಣಿ ಕಡ್ಡಾಯವಲ್ಲ. ಆದರೂ ಸಾಕ್ಷಿಯಾಗಿ ಮಾಡಿಸಿಡುವುದು ಒಳ್ಳೆಯದು, ಸಾಹಿತ್ಯಕೃತಿಗೆ ಅರ್ಜಿ ಶುಲ್ಕ 500 ರೂಪಾಯಿ. ಸಹಿಗೆ ಮೊದಲು ಪತ್ರವನ್ನು ಒಬ್ಬ ವಕೀಲರಿಗೆ ತೋರಿಸುವ ಖರ್ಚು ವ್ಯರ್ಥವಲ್ಲ.

ಇನ್ನೊಬ್ಬರ ಹಾಡನ್ನು ನಾವು ಬಳಸುವಾಗ

ಹಕ್ಕಿನ ಮಾತಾಡುವ ನಾವು ಬೇರೆಯವರ ಹಕ್ಕನ್ನೂ ಗೌರವಿಸಬೇಕು. ಸಾಹಿತ್ಯಕ್ಕೆ ಕವಿ ತೀರಿಕೊಂಡ ಮರುವರ್ಷದಿಂದ 60 ವರ್ಷ ಹಕ್ಕು ಇರುತ್ತದೆ. ಮೊದಲು 50 ಇತ್ತು. 1941ರಲ್ಲಿ ನಿಧನರಾದ ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ ಮುಗಿಯುವ ಹೊತ್ತಿಗೆ ಅದನ್ನು 60ಕ್ಕೆ ಏರಿಸಲಾಯಿತು. ಈ ಲೆಕ್ಕದಲ್ಲಿ 1963ರಲ್ಲಿ ನಿಧನರಾದ ಮಂಜೇಶ್ವರದ ಗೋವಿಂದ ಪೈಗಳ ಕವಿತೆಗಳು 2024ರಿಂದ ಎಲ್ಲರ ಸೊತ್ತು. ವಯಲಾರ್ ಮತ್ತು ಡಿ.ವಿ.ಜಿ. ಇಬ್ಬರೂ 1975ರಲ್ಲಿ ತೀರಿಕೊಂಡವರು, ಅವರ ಹಕ್ಕು 2035ರ ಕೊನೆಯವರೆಗೆ. ಬೇಂದ್ರೆಯವರದು 2041, ಕುವೆಂಪು ಅವರದು 2054, ನಮ್ಮ ಕಾಸರಗೋಡಿನ ಕಯ್ಯಾರ ಕಿಞ್ಞಣ್ಣ ರೈಗಳದು 2075ರ ಕೊನೆಯವರೆಗೆ.

ಹಾಗೆಂದು ಸಂಘದಲ್ಲಿ ಹಾಡಲು ಹೆದರಬೇಕಿಲ್ಲ. ಹವ್ಯಾಸಿ ಸಂಘ ಟಿಕೆಟ್ ಇಲ್ಲದ ಸಭೆಯಲ್ಲಿ ಹಾಡಿದರೆ, ಧಾರ್ಮಿಕ ವಿಧಿಯಲ್ಲಿ ಅಥವಾ ಮದುವೆಯ ಸಂಭ್ರಮದಲ್ಲಿ ಹಾಡಿದರೆ ಕಾನೂನು ವಿನಾಯಿತಿ ಕೊಡುತ್ತದೆ. ಅದನ್ನೇ ಧ್ವನಿಮುದ್ರಿಸಿ ಯೂಟ್ಯೂಬಿಗೆ ಏರಿಸಿ ಹಣ ಮಾಡುವಾಗ ಮಾತು ಬೇರೆ. ಆಗ ಅನುಮತಿ ಬೇಕು. ಯಾವಾಗ ಹಾಡಿದರೂ ಕವಿಯ ಹೆಸರು ಹೇಳಲು ಯಾರ ಅನುಮತಿಯೂ ಬೇಡ, ಖರ್ಚೂ ಇಲ್ಲ.

ಗೆಳತಿ ಕಂಪನಿಗೆ ಉತ್ತರ ಬರೆದಿದ್ದಾರೆ. ಶಾಶ್ವತ ಎಂಬಲ್ಲಿ 5 ವರ್ಷ, ಎಲ್ಲ ಹಕ್ಕು ಎಂಬಲ್ಲಿ ಧ್ವನಿಮುದ್ರಣದ ಪರವಾನಗಿ ಮಾತ್ರ, ಹಾಡಿನ ಜೊತೆ ತಮ್ಮ ಹೆಸರು ಕಡ್ಡಾಯ. ಕಂಪನಿಯಿಂದ ಇನ್ನೂ ಮರುಮಾತು ಬಂದಿಲ್ಲ. ಬರದಿದ್ದರೂ ಹಾಡು ಅವರ ಬಳಿಯೇ ಇದೆ. ನಮ್ಮ ಸದಸ್ಯೆಯರ ಮನೆಗಳಲ್ಲಿ ಅಜ್ಜಿ, ಅಮ್ಮಂದಿರು ಕಟ್ಟಿದ ಹಾಡುಗಳ ಹಳೆಯ ನೋಟುಪುಸ್ತಕಗಳಿದ್ದರೆ ದಯವಿಟ್ಟು ಹೊರತೆಗೆಯಿರಿ. ಮೊದಲ ಪುಟದಲ್ಲಿ ಅವರ ಹೆಸರು, ಊರು, ಗೊತ್ತಿದ್ದರೆ ಇಸವಿ ಬರೆದಿಡಿ. ಯಾವ ಕಂಪನಿಯ ಪತ್ರ ಬರುವುದಕ್ಕೂ ಮೊದಲು ನಾವೇ ಮಾಡಬಹುದಾದ ಕೆಲಸ ಇದು.